ದೊಡ್ಡವರಾದ ಮೇಲೆ ಬರುವ ಟೈಪ್ 1 ಮಧುಮೇಹ: ಮನಸ್ಸಿನ ಹೊರೆಯನ್ನು ಯಾರೂ ಯಾಕೆ ಅಳೆಯುತ್ತಿಲ್ಲ?

2025ರ ಜೂನ್‌ನಲ್ಲಿ ಬಂದ ಒಂದು ಸುದ್ದಿ ಬಹಳ ಜನರ ಗಮನ ಸೆಳೆಯಿತು. ಟೈಪ್ 1 ಮಧುಮೇಹ ಇರುವ 12 ಜನರಿಗೆ, ಲ್ಯಾಬ್‌ನಲ್ಲಿ ಕಾಂಡಕೋಶಗಳಿಂದ ಬೆಳೆಸಿದ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಪೂರ್ತಿ ಪ್ರಮಾಣದಲ್ಲಿ ಕೊಡಲಾಗಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ 10 ಜನರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯವೇ ಇರಲಿಲ್ಲ. ಝಿಮಿಸ್ಲೆಸೆಲ್ ಎಂಬ ಈ ಚಿಕಿತ್ಸೆಯ ವಿವರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು.

ಸುದ್ದಿ ಓದಿದವರಿಗೆ ಸಹಜವಾಗಿಯೇ ಎರಡು ಗೊಂದಲ ಹುಟ್ಟುತ್ತದೆ. ಮೊದಲನೆಯದು, ಪ್ರಯೋಗದಲ್ಲಿದ್ದವರೆಲ್ಲ ದೊಡ್ಡವರು. ಟೈಪ್ 1 ಮಕ್ಕಳಿಗೆ ಬರುವ ಕಾಯಿಲೆ ಅಲ್ವಾ? ಎರಡನೆಯದು ಇನ್ನೂ ಕಷ್ಟದ ಪ್ರಶ್ನೆ. ಹೊರಗಿನ ಕೋಶಗಳನ್ನು ದೇಹ ತಿರಸ್ಕರಿಸಬಾರದು ಎಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ಬಿಡದೆ ತೆಗೆದುಕೊಳ್ಳಬೇಕು. ಅದರಿಂದ ಸೋಂಕಿನ ಅಪಾಯ ಜಾಸ್ತಿ. ಪ್ರಯೋಗದಲ್ಲಿದ್ದ ಇಬ್ಬರು ತೀರಿಕೊಂಡರು, ಒಬ್ಬರ ಸಾವಿಗೆ ಮೆದುಳಿನ ಪೊರೆಯ ಸೋಂಕು ಕಾರಣವಾಗಿತ್ತು. ಇನ್ಸುಲಿನ್ ಎಂಬ ನಂಬಿಕಸ್ಥ ಔಷಧಿ ಕೈಯಲ್ಲಿರುವಾಗ ಇಂಥ ಅಪಾಯವನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಪ್ರಯೋಗಕ್ಕೆ ಯಾರನ್ನು ಆರಿಸಿದ್ದರು ಎಂದು ನೋಡಿದರೆ ಉತ್ತರ ಸಿಗುತ್ತದೆ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದರೂ ಅದರ ಸುಳಿವೇ ಸಿಗದೆ, ಮತ್ತೆ ಮತ್ತೆ ತೀವ್ರ ಲೋ ಶುಗರ್‌ಗೆ ಸಿಕ್ಕಿಬೀಳುತ್ತಿದ್ದವರು ಅವರು. ಅಂಥವರ ಪಾಲಿಗೆ ದಿನವಿಡೀ ಕಾವಲು ಕಾಯುವ ಆಯಾಸ, ರಾತ್ರಿ ಮಲಗುವಾಗಿನ ಭಯ, ಯಾರ ಮುಂದೆ ಕುಸಿದುಬೀಳುತ್ತೇನೋ ಎಂಬ ಆತಂಕ ಎಲ್ಲವೂ ಕಾಯಿಲೆಯ ಭಾಗ. ರಕ್ತಪರೀಕ್ಷೆಯ ವರದಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಇಪ್ಪತ್ತೈದು, ನಲವತ್ತು, ಐವತ್ತೈದರ ವಯಸ್ಸಿನಲ್ಲಿ ಟೈಪ್ 1 ಬಂದವರಿಗೆ ಈ ಹೊರೆ ಇನ್ನೂ ಒಂದು ಬಗೆಯಲ್ಲಿ ಭಾರ. ಸುತ್ತಲಿನ ವ್ಯವಸ್ಥೆ ಇರುವುದು ಒಂದೋ ಟೈಪ್ 1 ಇರುವ ಮಕ್ಕಳಿಗೆ, ಇಲ್ಲವೇ ಟೈಪ್ 2 ಇರುವ ದೊಡ್ಡವರಿಗೆ. ಇವರು ಎರಡರ ನಡುವಿನ ಸಂದಿಯಲ್ಲಿ ಬೀಳುತ್ತಾರೆ.

ಮಕ್ಕಳ ಕಾಯಿಲೆ ಎಂಬ ನಂಬಿಕೆ

ಮೊದಲು ಕಾಯಿಲೆ ಏನು ಎಂದು ನೋಡೋಣ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿವೆ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಕೋಶಗಳನ್ನು ಶತ್ರು ಎಂದುಕೊಂಡು ನಾಶ ಮಾಡುತ್ತದೆ. ಕೊನೆಗೆ ಇನ್ಸುಲಿನ್ ಹೊರಗಿನಿಂದ ಕೊಡದೆ ಬದುಕುವುದು ಸಾಧ್ಯವಿಲ್ಲ. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಕ್ರಮೇಣ ಅದು ಸಾಲದೆಯೂ ಹೋಗುತ್ತದೆ. ಸಿಹಿ ತಿಂದಿದ್ದಕ್ಕೂ ಟೈಪ್ 1 ಬರುವುದಕ್ಕೂ ಸಂಬಂಧವಿಲ್ಲ.

1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1922ರ ಜನವರಿಯಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಪಡೆದವನು 14 ವರ್ಷದ ಹುಡುಗ. ವೈದ್ಯರ ಮನಸ್ಸಿನಲ್ಲೂ ಜನರ ಮನಸ್ಸಿನಲ್ಲೂ ಈ ಕಾಯಿಲೆಗೆ ಮಗುವಿನ ಮುಖವೇ ಅಂಟಿಕೊಂಡಿತು. ಬಹಳ ಕಾಲ ಇದನ್ನು ಬಾಲ್ಯದ ಮಧುಮೇಹ ಎಂದೇ ಕರೆದರು. 1997ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ ತಜ್ಞರ ಸಮಿತಿ, ವಯಸ್ಸನ್ನು ನೋಡಿ ಹೆಸರಿಡುವುದನ್ನು ಬಿಟ್ಟು ಕಾರಣವನ್ನು ನೋಡಿ ಟೈಪ್ 1, ಟೈಪ್ 2 ಎಂದು ಕರೆಯಲು ಹೇಳಿತು. ಹೆಸರು ಬದಲಾಯಿತು, ನಂಬಿಕೆ ಅಷ್ಟಾಗಿ ಬದಲಾಗಲಿಲ್ಲ.

ಅಂಕಿಅಂಶ ಬೇರೆಯದೇ ಚಿತ್ರ ಕೊಡುತ್ತದೆ. 2022ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, 2021ರಲ್ಲಿ ಜಗತ್ತಿನಲ್ಲಿ 84 ಲಕ್ಷ ಜನರಿಗೆ ಟೈಪ್ 1 ಇತ್ತು. ಅವರಲ್ಲಿ 20 ವರ್ಷಕ್ಕಿಂತ ಚಿಕ್ಕವರು ಶೇ 18 ಮಾತ್ರ. ಅದೇ ವರ್ಷ ಹೊಸದಾಗಿ ಸುಮಾರು 5 ಲಕ್ಷ ಜನರಲ್ಲಿ ಕಾಯಿಲೆ ಪತ್ತೆಯಾಯಿತು. ಅವರೆಲ್ಲರ ವಯಸ್ಸನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಸಿಗುವುದು 29. ಅಂದರೆ ಪ್ರತಿ ವರ್ಷ ಹೊಸದಾಗಿ ಟೈಪ್ 1 ಬರುವವರಲ್ಲಿ ಅರ್ಧದಷ್ಟು ಜನ ಓದು ಮುಗಿಸಿ, ದುಡಿಮೆಗೆ ಇಳಿದು, ಕೆಲವರು ಸಂಸಾರ ಹೂಡಿಕೊಂಡವರು.

ತಪ್ಪು ಗುರುತಿನಲ್ಲಿ ಕಳೆಯುವ ವರ್ಷಗಳು

ಈ ನಂಬಿಕೆಯ ಮೊದಲ ಪೆಟ್ಟು ಬೀಳುವುದು ರೋಗ ಪತ್ತೆಯ ಹಂತದಲ್ಲಿ. ಮಕ್ಕಳಲ್ಲಿ ಬೀಟಾ ಕೋಶಗಳು ಬೇಗ ನಾಶವಾಗುತ್ತವೆ, ಕೆಲವೇ ವಾರಗಳಲ್ಲಿ ಮಗು ಆಸ್ಪತ್ರೆ ಸೇರುವ ಸ್ಥಿತಿ ಬರುತ್ತದೆ. ದೊಡ್ಡವರಲ್ಲಿ ಎಷ್ಟೋ ಸಲ ಈ ನಾಶ ನಿಧಾನ. ಅಲ್ಪಸ್ವಲ್ಪ ಇನ್ಸುಲಿನ್ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಮಾತ್ರೆ ಕೊಟ್ಟರೆ ಸ್ವಲ್ಪ ಕಾಲ ಕೆಲಸ ಮಾಡಿದಂತೆಯೂ ಕಾಣುತ್ತದೆ. ಜೊತೆಗೆ ಆ ವಯಸ್ಸಿನಲ್ಲಿ ಟೈಪ್ 2 ಎಷ್ಟು ಸಾಮಾನ್ಯ ಎಂದರೆ, ವೈದ್ಯರ ಮೊದಲ ಊಹೆ ಅದೇ ಆಗಿರುತ್ತದೆ.

ಬ್ರಿಟನ್‌ನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಲಕ್ಷಾಂತರ ಜನರ ಆರೋಗ್ಯ ಮಾಹಿತಿಯ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನ ವಂಶವಾಹಿ ಮಾಹಿತಿ ಬಳಸಿ ಇದನ್ನು ಪರಿಶೀಲಿಸಿದರು. 60 ವರ್ಷದೊಳಗೆ ಕಾಣಿಸಿಕೊಳ್ಳುವ ಟೈಪ್ 1ರಲ್ಲಿ ಶೇ 42ರಷ್ಟು 30 ದಾಟಿದ ಮೇಲೆ ಬರುತ್ತದೆ ಎಂದು ಕಂಡುಬಂತು. ಆದರೆ 30 ದಾಟಿದ ಮೇಲೆ ಬರುವ ಎಲ್ಲ ಬಗೆಯ ಮಧುಮೇಹವನ್ನು ಒಟ್ಟು ಸೇರಿಸಿದರೆ ಅದರಲ್ಲಿ ಟೈಪ್ 1ರ ಪಾಲು ಶೇ 4 ಮಾತ್ರ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಕಾಯಿಲೆ ಅಪರೂಪವೇನಲ್ಲ, ಆದರೆ ಟೈಪ್ 2ರ ದೊಡ್ಡ ಗುಂಪಿನಲ್ಲಿ ಅದು ಕಾಣದಂತೆ ಮುಚ್ಚಿಹೋಗುತ್ತದೆ.

ಬ್ರಿಟನ್‌ನ ಮಾಜಿ ಪ್ರಧಾನಿ ಥೆರೆಸಾ ಮೇ ಅವರಿಗೂ ಹೀಗೇ ಆಗಿತ್ತು. 2012ರಲ್ಲಿ, 56ರ ವಯಸ್ಸಿನಲ್ಲಿ, ಅವರಿಗೆ ಟೈಪ್ 2 ಇದೆ ಎಂದು ಹೇಳಿ ಮಾತ್ರೆ ಕೊಟ್ಟರು. ಮಾತ್ರೆ ಫಲ ಕೊಡದಿದ್ದಾಗ ಮತ್ತೆ ಪರೀಕ್ಷೆ ಮಾಡಿ ಟೈಪ್ 1 ಎಂದರು. ಆಗ ಅವರು ಗೃಹ ಸಚಿವರು. ಅಂಥ ಸ್ಥಾನದಲ್ಲಿದ್ದವರಿಗೇ ಹೀಗಾದರೆ ಉಳಿದವರ ಪಾಡು ಊಹಿಸಬಹುದು.

ದೇಹಕ್ಕೆ ಆಗುವ ಹಾನಿಯ ಜೊತೆಗೆ ಮನಸ್ಸಿಗೆ ಆಗುವ ಹಾನಿಯೂ ಇದೆ, ಅದರ ಬಗ್ಗೆ ಮಾತು ಕಡಿಮೆ. ಟೈಪ್ 2 ಎಂದು ಹೇಳಿಸಿಕೊಂಡ ವ್ಯಕ್ತಿ ಊಟ ಕಡಿಮೆ ಮಾಡುತ್ತಾನೆ, ನಡೆಯುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ. ಆದರೂ ಸಕ್ಕರೆ ಏರುತ್ತಲೇ ಹೋಗುತ್ತದೆ. ಪ್ರತಿ ಭೇಟಿಯಲ್ಲೂ 'ನೀವು ಪಥ್ಯ ಸರಿಯಾಗಿ ಮಾಡುತ್ತಿಲ್ಲ' ಎಂಬ ಮಾತು ಕೇಳುತ್ತಾನೆ. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ ಎನ್ನಿಸತೊಡಗುತ್ತದೆ. ನಿಧಾನವಾಗಿ ತನ್ನ ಮೇಲೆಯೇ ಅನುಮಾನ ಹುಟ್ಟುತ್ತದೆ. ಕೊನೆಗೆ ಸರಿಯಾದ ಉತ್ತರ ಸಿಕ್ಕಾಗ ನಿರಾಳವೂ ಆಗುತ್ತದೆ, ಸಿಟ್ಟೂ ಬರುತ್ತದೆ. ಆಮೇಲೆ ಬರುವ ಯಾವ ವೈದ್ಯರ ಮಾತನ್ನೂ ಸುಲಭವಾಗಿ ನಂಬಲು ಆಗುವುದಿಲ್ಲ.

ಇದಕ್ಕೆ ಪರಿಹಾರ ಇದೆ. ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು 2021ರಲ್ಲಿ ಒಟ್ಟಾಗಿ ಕೊಟ್ಟ ಮಾರ್ಗಸೂಚಿಯಲ್ಲಿ, ದೊಡ್ಡವರಲ್ಲಿ ಟೈಪ್ 1ರ ಅನುಮಾನ ಬಂದರೆ ಮೊದಲು ಗ್ಯಾಡ್ ಆಂಟಿಬಾಡಿ ಪರೀಕ್ಷೆ ಮಾಡಿ ಎಂದಿದೆ. ರೋಗನಿರೋಧಕ ವ್ಯವಸ್ಥೆ ಬೀಟಾ ಕೋಶಗಳ ಮೇಲೆ ತಿರುಗಿಬಿದ್ದಿದೆಯೇ ಎಂಬ ಸುಳಿವು ರಕ್ತದಲ್ಲಿನ ಈ ಆಂಟಿಬಾಡಿಯಿಂದ ಸಿಗುತ್ತದೆ. ದೇಹದಲ್ಲಿ ಸ್ವಂತ ಇನ್ಸುಲಿನ್ ಎಷ್ಟು ಉಳಿದಿದೆ ಎಂದು ತಿಳಿಯಲು ಸಿ-ಪೆಪ್ಟೈಡ್ ಪರೀಕ್ಷೆ ಇದೆ. ಎಲ್ಲರಿಗೂ ಈ ಪರೀಕ್ಷೆ ಮಾಡಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯ ಇದೆ. ಕಾಯಿಲೆಯ ಸಾಧ್ಯತೆ ಕಡಿಮೆ ಇರುವ ದೊಡ್ಡ ಗುಂಪಿನಲ್ಲಿ ಪರೀಕ್ಷೆ ಮಾಡಿದರೆ ಕಾಯಿಲೆ ಇಲ್ಲದವರಿಗೂ ಇದೆ ಎಂದು ತೋರಿಸುವ ಸುಳ್ಳು ಪಾಸಿಟಿವ್ ಫಲಿತಾಂಶಗಳೂ ಬರುತ್ತವೆ ಎಂಬ ವಾದದಲ್ಲಿ ಹುರುಳಿದೆ. ಆದರೆ ತೆಳ್ಳಗಿರುವವರು, ಏಕಾಏಕಿ ತೂಕ ಇಳಿದವರು, ಥೈರಾಯ್ಡ್‌ನಂಥ ಇನ್ನೊಂದು ರೋಗನಿರೋಧಕ ವ್ಯವಸ್ಥೆಯ ತೊಂದರೆ ಇರುವವರು, ಮಾತ್ರೆಗೆ ಬಗ್ಗದವರು, ಇವರಿಗಾದರೂ ಪರೀಕ್ಷೆ ಮಾಡದಿರಲು ಸಮರ್ಥನೆ ಕಾಣುವುದಿಲ್ಲ.

ಗಟ್ಟಿಯಾದ ಬದುಕಿಗೆ ಬಂದ ಅಡ್ಡಿ

ಮಗುವಿಗೆ ಟೈಪ್ 1 ಬಂದಾಗ ಅದರ ಭಾರ ಮೊದಲು ಹೊರುವವರು ತಂದೆ ತಾಯಿ. ಮಗು ಕಾಯಿಲೆಯ ಜೊತೆಗೇ ಬೆಳೆಯುತ್ತದೆ. ಅದಕ್ಕೂ ಅದರದ್ದೇ ಕಷ್ಟಗಳಿವೆ, ಅದನ್ನು ಕಡಿಮೆ ಎಂದು ಹೇಳುವುದು ಸರಿಯಲ್ಲ. ದೊಡ್ಡವರ ಕಷ್ಟ ಬೇರೆ ಥರದ್ದು. ಅವರಿಗೆ 'ಮೊದಲು' ಎಂಬ ಕಾಲದ ನೆನಪು ಚೆನ್ನಾಗಿ ಇರುತ್ತದೆ. ಹಸಿವಾದಾಗ ಊಟ, ಮನಸ್ಸಾದಾಗ ಓಟ, ಯೋಚಿಸದೆ ಪ್ರಯಾಣ. ಇಪ್ಪತ್ತು ಮೂವತ್ತು ವರ್ಷಗಳ ಅಭ್ಯಾಸಗಳನ್ನು ಒಂದು ವಾರದಲ್ಲಿ ಬಿಚ್ಚಿ ಮತ್ತೆ ಜೋಡಿಸಬೇಕು. ಕೆಲಸ, ಸಾಲ, ಮಕ್ಕಳು, ವಯಸ್ಸಾದ ಹೆತ್ತವರು ಯಾವುದೂ ಅಷ್ಟು ದಿನ ಕಾಯುವುದಿಲ್ಲ.

ಹೊಸದಾಗಿ ಕಲಿಯಬೇಕಾದ್ದು ಎಷ್ಟಿದೆ ನೋಡಿ. ತಟ್ಟೆಯಲ್ಲಿರುವ ಪಿಷ್ಟ ಎಷ್ಟು ಗ್ರಾಂ, ಅದಕ್ಕೆ ಇನ್ಸುಲಿನ್ ಎಷ್ಟು ಯೂನಿಟ್, ಊಟಕ್ಕೆ ಎಷ್ಟು ಮುಂಚೆ ತೆಗೆದುಕೊಳ್ಳಬೇಕು. ನಡೆದರೆ ಸಕ್ಕರೆ ಇಳಿಯುತ್ತದೆ. ಜೋರಾಗಿ ವ್ಯಾಯಾಮ ಮಾಡಿದರೆ ಕೆಲವೊಮ್ಮೆ ಏರುತ್ತದೆ. ಜ್ವರ ಬಂದರೆ, ನಿದ್ದೆಗೆಟ್ಟರೆ, ಮನಸ್ಸಿಗೆ ಒತ್ತಡವಾದರೆ ಏರುತ್ತದೆ. ಮದ್ಯ ಕುಡಿದರೆ ಲಿವರ್ ಗ್ಲೂಕೋಸ್ ಬಿಡುಗಡೆ ಮಾಡುವುದು ಕಡಿಮೆಯಾಗಿ ಗಂಟೆಗಟ್ಟಲೆ ಕಳೆದ ಮೇಲೆ, ನಿದ್ದೆಯಲ್ಲಿ ಇಳಿಯಬಹುದು. ಮುಟ್ಟಿನ ಚಕ್ರಕ್ಕೆ ತಕ್ಕಂತೆ ಹಲವು ಹೆಂಗಸರಿಗೆ ಬೇಕಾಗುವ ಇನ್ಸುಲಿನ್ ಪ್ರಮಾಣ ಬದಲಾಗುತ್ತದೆ. ನಿನ್ನೆ ತಿಂದಷ್ಟೇ ಇವತ್ತೂ ತಿಂದು, ಅಷ್ಟೇ ಇನ್ಸುಲಿನ್ ತೆಗೆದುಕೊಂಡರೂ ಫಲಿತಾಂಶ ಬೇರೆ ಬರುತ್ತದೆ. ಲೆಕ್ಕ ಸರಿಯಾಗಿ ಮಾಡಿಯೂ ಉತ್ತರ ತಪ್ಪಾಗುವ ಈ ಅನುಭವವೇ ಜನರನ್ನು ಬಹಳ ಬಳಲಿಸುವುದು.

ಇದರ ಮೇಲೆ ಇನ್ನೊಂದು ವಿಚಿತ್ರ ಘಟ್ಟ ಬರುತ್ತದೆ. ಇನ್ಸುಲಿನ್ ಶುರು ಮಾಡಿದ ಮೇಲೆ ಉಳಿದ ಬೀಟಾ ಕೋಶಗಳಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿ, ಕೆಲವು ಕಾಲ ಅವು ಮತ್ತೆ ಚೆನ್ನಾಗಿ ಕೆಲಸ ಮಾಡುತ್ತವೆ. ಇದನ್ನು ಹನಿಮೂನ್ ಹಂತ ಎನ್ನುತ್ತಾರೆ. ತುಂಬಾ ಕಡಿಮೆ ಇನ್ಸುಲಿನ್‌ನಲ್ಲೇ ದಿನ ಸಾಗುತ್ತದೆ. ಕಾಯಿಲೆ ವಾಸಿಯಾಗುತ್ತಿದೆ ಎಂಬ ಆಸೆ ಚಿಗುರುತ್ತದೆ, ಪತ್ತೆಯೇ ತಪ್ಪಾಗಿತ್ತೇನೋ ಎಂದು ನೆಂಟರು ಹೇಳತೊಡಗುತ್ತಾರೆ. ನಂತರ ಅದು ಮುಗಿಯುತ್ತದೆ. ಆಗ ಆಗುವ ನೋವು ಎಷ್ಟೋ ಸಲ ಮೊದಲ ದಿನದ ಆಘಾತಕ್ಕಿಂತ ದೊಡ್ಡದು. ಈ ಹಂತದ ಬಗ್ಗೆ ಮುಂಚೆಯೇ ತಿಳಿಸಿ ಹೇಳಿದರೆ ಪೆಟ್ಟು ತೀರಾ ಜೋರಾಗಿ ಬೀಳುವುದಿಲ್ಲ. ತಿಳಿಸುವುದಕ್ಕೆ ಹತ್ತು ನಿಮಿಷ ಸಾಕು.

ಲೋ ಶುಗರ್ ಎಂಬ ಭಯ

ಕಾಯಿಲೆ ಇಲ್ಲದವರಿಗೆ ಮಧುಮೇಹ ಎಂದರೆ ಸಕ್ಕರೆ ಏರುವುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ ಕ್ಷಣದ ಭಯ ಇಳಿಯುವುದರದ್ದು. ಒಂದು ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಲೋ ಎನ್ನುತ್ತಾರೆ, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಮೊದಲು ಅಡ್ರಿನಲಿನ್ ಹರಿಯುತ್ತದೆ. ಬೆವರು, ನಡುಕ, ಎದೆ ಡವಡವ. ಆಮೇಲೆ ಮೆದುಳಿಗೆ ಗ್ಲೂಕೋಸ್ ಸಾಲದೆ ಮಾತು ತೊದಲುತ್ತದೆ, ಯೋಚನೆ ಕಲಸಿಹೋಗುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ.

ಈ ಮೊದಲ ಲಕ್ಷಣಗಳು ಆತಂಕದ ಲಕ್ಷಣಗಳಂತೆಯೇ ಇವೆ. ಸಭೆಯಲ್ಲಿ ಮಾತಾಡುವ ಮುಂಚೆ ಎದೆ ಹೊಡೆದುಕೊಂಡರೆ ಅದು ಹೆದರಿಕೆಯೋ, ಲೋ ಶುಗರೋ? ಪರೀಕ್ಷಿಸದೆ ಹೇಳಲಾಗದು. ಹೀಗಾಗಿ ಸ್ವಂತ ದೇಹದ ಸಾಮಾನ್ಯ ಸಂಜ್ಞೆಗಳ ಮೇಲೂ ನಂಬಿಕೆ ಹೋಗುತ್ತದೆ.

ಮುಂದಿನ ಕೊಂಡಿ ಇನ್ನೂ ಮುಖ್ಯ. ಲೋ ಪದೇಪದೇ ಆದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಎಚ್ಚರಿಕೆಯ ಲಕ್ಷಣಗಳು ತಡವಾಗಿ ಬರತೊಡಗುತ್ತವೆ ಅಥವಾ ಬರುವುದೇ ಇಲ್ಲ. ಸುಳಿವು ಸಿಗದಿದ್ದರೆ ಮುಂದಿನ ಲೋ ಇನ್ನೂ ಆಳಕ್ಕೆ ಹೋಗುತ್ತದೆ. ಒಮ್ಮೆ ದಾರಿಯಲ್ಲಿ ಅಥವಾ ನಿದ್ದೆಯಲ್ಲಿ ಪ್ರಜ್ಞೆ ತಪ್ಪಿದವರು ಮತ್ತೆ ಹಾಗಾಗಬಾರದು ಎಂದು ಬೇಕೆಂದೇ ಸಕ್ಕರೆಯನ್ನು ಮೇಲಿನ ಮಟ್ಟದಲ್ಲಿ ಇಟ್ಟುಕೊಳ್ಳುತ್ತಾರೆ. ಆಗ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಏರುತ್ತದೆ. ವೈದ್ಯರಿಗೆ ಕಾಣುವುದು ಆ ಏರಿದ ಸಂಖ್ಯೆ. ಅದರ ಹಿಂದಿನ ಭಯ ಕಾಣುವುದಿಲ್ಲ.

ಇಲ್ಲಿ ಎರಡೂ ಕಡೆಯವರಿಗೆ ಅವರದೇ ನ್ಯಾಯವಿದೆ. 1993ರಲ್ಲಿ ಮುಗಿದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣು, ಕಿಡ್ನಿ, ನರಗಳ ಹಾನಿ ಬಹಳಷ್ಟು ತಗ್ಗುತ್ತದೆ ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ ಬಿಗಿ ಚಿಕಿತ್ಸೆ ಪಡೆದವರಿಗೆ ತೀವ್ರ ಲೋ ಸುಮಾರು ಮೂರು ಪಟ್ಟು ಜಾಸ್ತಿಯಾಗಿತ್ತು. ವೈದ್ಯರು ಇಪ್ಪತ್ತು ವರ್ಷ ಮುಂದಿನ ಕಣ್ಣನ್ನು ನೋಡುತ್ತಾರೆ. ರೋಗಿ ಇವತ್ತಿನ ರಾತ್ರಿಯನ್ನು ನೋಡುತ್ತಾರೆ. ಭಯವನ್ನು ಕೇಳಿ ತಿಳಿಯದೆ ಡೋಸ್ ಮಾತ್ರ ಏರಿಸಿದರೆ ಆ ಡೋಸ್ ಮನೆಯಲ್ಲಿ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಒಳ್ಳೆಯ ಸಂಗತಿ ಎಂದರೆ, ಕೆಲವು ವಾರ ಲೋ ಆಗದಂತೆ ನೋಡಿಕೊಂಡರೆ ಕಳೆದುಹೋದ ಎಚ್ಚರಿಕೆಯ ಲಕ್ಷಣಗಳು ಹಲವರಲ್ಲಿ ಮರಳುತ್ತವೆ.

ಬಳಲಿಕೆಯೋ, ಖಿನ್ನತೆಯೋ

ಟೈಪ್ 1 ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಜಾಸ್ತಿ ಎಂಬುದು ಗೊತ್ತಿರುವ ವಿಷಯ. ಆದರೆ ಎಲ್ಲ ಬೇಸರವೂ ಖಿನ್ನತೆಯಲ್ಲ. ಕಾಯಿಲೆಯನ್ನು ನಿಭಾಯಿಸುವುದರಿಂದಲೇ ಹುಟ್ಟುವ ಸಿಟ್ಟು, ಅಪರಾಧಿ ಭಾವ, ಸೋತೆನೆಂಬ ಅನಿಸಿಕೆಯನ್ನು ತಜ್ಞರು ಡಯಾಬಿಟಿಸ್ ಡಿಸ್ಟ್ರೆಸ್ ಎಂದು ಬೇರೆಯಾಗಿ ಗುರುತಿಸುತ್ತಾರೆ. ಅದನ್ನು ಅಳೆಯಲು 1995ರಿಂದಲೇ 20 ಪ್ರಶ್ನೆಗಳ ಒಂದು ಮಾಪಕವಿದೆ. 2015ರಲ್ಲಿ ಟೈಪ್ 1 ಇರುವ ದೊಡ್ಡವರಿಗಾಗಿಯೇ 28 ಪ್ರಶ್ನೆಗಳ ಇನ್ನೊಂದು ಮಾಪಕ ಬಂತು. ಏನೇ ಮಾಡಿದರೂ ಕೈಲಾಗುತ್ತಿಲ್ಲ ಎಂಬ ಭಾವ, ಲೋ ಶುಗರ್ ಭಯ, ಊಟದ ಬಗೆಗಿನ ಚಿಂತೆ, ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು, ವೈದ್ಯರ ಜೊತೆಗಿನ ಇರುಸುಮುರುಸು ಇವೆಲ್ಲ ಅದರಲ್ಲಿವೆ.

ಈ ವ್ಯತ್ಯಾಸ ಯಾಕೆ ಬೇಕು? ಚಿಕಿತ್ಸೆ ಬೇರೆಯಾಗುವುದರಿಂದ. ಖಿನ್ನತೆಗೆ ಆಪ್ತಸಲಹೆಯೋ ಔಷಧಿಯೋ ನೆರವಾಗುತ್ತದೆ. ಲೋ ಭಯದಿಂದ ಕುಗ್ಗಿದವರಿಗೆ ಡೋಸ್ ಹೊಂದಿಸಲು ಕಲಿಸಿದರೆ, ಸಕ್ಕರೆ ಮಟ್ಟ ತೋರಿಸುವ ಸೆನ್ಸರ್ ಕೊಟ್ಟರೆ, ಕೂರಿಸಿಕೊಂಡು ಮಾತಾಡಿದರೆ ಬಹುಪಾಲು ಹಗುರಾಗುತ್ತದೆ. ಬ್ರಿಟನ್‌ನ ಡಾಫ್ನೆ ಎಂಬ ಐದು ದಿನಗಳ ತರಬೇತಿ ಇದಕ್ಕೆ ಉದಾಹರಣೆ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸುವುದನ್ನು ಅಲ್ಲಿ ದೊಡ್ಡವರಿಗೆ ಗುಂಪಿನಲ್ಲಿ ಕಲಿಸುತ್ತಾರೆ. 2002ರಲ್ಲಿ ಬಂದ ಅದರ ಪ್ರಯೋಗದ ಫಲಿತಾಂಶದಲ್ಲಿ ಸಕ್ಕರೆಯ ಹಿಡಿತವೂ ಬದುಕಿನ ಗುಣಮಟ್ಟವೂ ಒಟ್ಟಿಗೆ ಸುಧಾರಿಸಿದ್ದವು. ತನ್ನಂಥ ಇನ್ನೂ ಏಳೆಂಟು ಜನರನ್ನು ಒಂದೇ ಕೋಣೆಯಲ್ಲಿ ನೋಡುವುದರಿಂದ ಸಿಗುವ ಸಮಾಧಾನವನ್ನು ಕಡೆಗಣಿಸುವ ಹಾಗಿಲ್ಲ. ದೊಡ್ಡವರಾದ ಮೇಲೆ ಟೈಪ್ 1 ಬಂದ ಎಷ್ಟೋ ಜನ, ತಮ್ಮ ಹಾಗೆ ಇರುವ ಇನ್ನೊಬ್ಬರನ್ನು ಕಂಡೇ ಇರುವುದಿಲ್ಲ.

ಪ್ರತಿ ಭೇಟಿಯಲ್ಲೂ ಈ ಪ್ರಶ್ನೆಗಳನ್ನು ಕೇಳಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಕೇಳಿದ ಮೇಲೆ ನೆರವು ಕೊಡಲು ಮನೋತಜ್ಞರೇ ಇಲ್ಲದಿದ್ದರೆ ಗಾಯ ಕೆದಕಿ ಬಿಟ್ಟಂತೆ ಎಂಬುದು ಒಂದು ವಾದ. ಸಹಜವಾದ ಬೇಸರಕ್ಕೂ ಕಾಯಿಲೆಯ ಪಟ್ಟ ಕಟ್ಟುತ್ತೀರಿ ಎಂಬುದು ಇನ್ನೊಂದು. ಎರಡನ್ನೂ ಸುಮ್ನೆ ತಳ್ಳಿಹಾಕಲಾಗದು. ಆದರೂ ಕೇಳದೇ ಇರುವುದಕ್ಕೆ ಅವು ಸಾಕಾಗುವ ಕಾರಣಗಳಲ್ಲ. 'ಈ ತಿಂಗಳು ಇದನ್ನು ನಿಭಾಯಿಸುವುದರಲ್ಲಿ ಯಾವುದು ತುಂಬಾ ಕಷ್ಟವಾಯಿತು?' ಎಂದು ಕೇಳಲು ಮನೋತಜ್ಞರು ಬೇಕಿಲ್ಲ. ಮಧುಮೇಹ ನೋಡುವ ನರ್ಸ್ ಕೂಡ ಕೇಳಬಹುದು.

ಒಂದು ಅಪಾಯದ ಬಗ್ಗೆ ಮಾತ್ರ ಸ್ಪಷ್ಟವಾಗಿ ಹೇಳಬೇಕು. ಪ್ರತಿ ತುತ್ತನ್ನೂ ಲೆಕ್ಕ ಹಾಕಬೇಕಾದ ಕಾಯಿಲೆ ಊಟದ ಜೊತೆಗಿನ ಸಂಬಂಧವನ್ನೇ ಕೆಡಿಸಬಹುದು. ಕೆಲವರು ತೂಕದ ಚಿಂತೆಯಿಂದ ಇನ್ಸುಲಿನ್ ಬಿಡುವ ಮಟ್ಟಕ್ಕೂ ಹೋಗುತ್ತಾರೆ. ಇದು ಪ್ರಾಣಕ್ಕೇ ಕುತ್ತು ತರುವಂಥದ್ದು, ಹದಿಹರೆಯದ ಹುಡುಗಿಯರಿಗಷ್ಟೇ ಸೀಮಿತವೂ ಅಲ್ಲ. ಇಲ್ಲಿ ಬೈಗುಳದಿಂದ ಏನೂ ಆಗದು, ತಜ್ಞರ ನೆರವು ತಡವಿಲ್ಲದೆ ಬೇಕು.

ಮನೆಯೊಳಗೆ ಬದಲಾಗುವ ಸಮೀಕರಣ

ದೊಡ್ಡವರಿಗೆ ಕಾಯಿಲೆ ಬಂದಾಗ ನೋಡಿಕೊಳ್ಳುವವರ ಜಾಗಕ್ಕೆ ಬರುವುದು ಗಂಡ ಅಥವಾ ಹೆಂಡತಿ. ಸಮಾನರಾಗಿದ್ದವರ ನಡುವೆ ಒಬ್ಬರು ಕಾವಲುಗಾರರಾಗುತ್ತಾರೆ. 'ಶುಗರ್ ನೋಡಿದೆಯಾ?' 'ಅದನ್ನು ತಿನ್ನಬಹುದಾ?' ಪ್ರೀತಿಯಿಂದ ಬಂದ ಮಾತು ಕೇಳುವವರಿಗೆ ತಪಾಸಣೆಯಂತೆ ಕೇಳಿಸುತ್ತದೆ. ಇಂಥ ನಡೆಗೆ ಡಯಾಬಿಟಿಸ್ ಪೊಲೀಸ್ ಎಂಬ ಹೆಸರೇ ಬಿದ್ದಿದೆ. ತೊಡಕು ಎಂದರೆ, ಲೋ ಆದಾಗ ಸಿಡುಕು ನಿಜಕ್ಕೂ ಬರುತ್ತದೆ. ಹಾಗಾಗಿ ನ್ಯಾಯವಾದ ಸಿಟ್ಟಿಗೂ 'ನಿನಗೆ ಲೋ ಆಗಿರಬೇಕು' ಎಂಬ ಉತ್ತರ ಸಿಗುವ ಸಂಭವ ಇದೆ. ಅದು ಬಹಳ ನೋಯಿಸುತ್ತದೆ.

ಸಂಗಾತಿಯ ಭಯವೂ ಸಣ್ಣದಲ್ಲ. ರಾತ್ರಿ ಪಕ್ಕದಲ್ಲಿ ಮಲಗಿದವರ ಉಸಿರಾಟಕ್ಕೆ ಕಿವಿಗೊಟ್ಟು ನಿದ್ದೆಗೆಡುವವರು ಅವರು. ಚಿಕಿತ್ಸೆಯ ಯಾವ ಲೆಕ್ಕದಲ್ಲೂ ಅವರ ಹೆಸರಿಲ್ಲ. ಯಾವ ಲಕ್ಷಣ ಕಂಡರೆ ಏನು ಮಾಡಬೇಕು, ಪ್ರಜ್ಞೆ ತಪ್ಪಿದಾಗ ಬಾಯಿಗೆ ಏನೂ ಹಾಕಬಾರದು, ಸಕ್ಕರೆ ಬೇಗ ಏರಿಸುವ ಗ್ಲುಕಗಾನ್ ಔಷಧಿಯನ್ನು ಹೇಗೆ ಕೊಡಬೇಕು ಎಂಬುದನ್ನು ಅವರಿಗೂ ಕಲಿಸಿದರೆ ಭಯಕ್ಕೆ ಒಂದು ಮಿತಿ ಸಿಗುತ್ತದೆ.

ಮಕ್ಕಳಿಗೆ ಬಂದರೆ ಎಂಬ ಪ್ರಶ್ನೆ ಅನೇಕರನ್ನು ಒಳಗೊಳಗೇ ತಿನ್ನುತ್ತದೆ. ತಂದೆಗೆ ಟೈಪ್ 1 ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು 17ರಲ್ಲಿ 1. ತಾಯಿಗೆ ಇದ್ದು, 25 ವರ್ಷ ದಾಟಿದ ಮೇಲೆ ಹೆತ್ತ ಮಗುವಿಗೆ ಸುಮಾರು 100ರಲ್ಲಿ 1. ಅಂದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಈ ಅಂಕಿ ಗೊತ್ತಿಲ್ಲದೆ ಮದುವೆ, ಮಕ್ಕಳ ವಿಷಯದಲ್ಲಿ ಹಿಂದೆ ಸರಿಯುವವರಿಗೆ ಇದನ್ನು ಯಾರಾದರೂ ಹೇಳಬೇಕಲ್ವಾ?

ಹೊರಗೆ: ಕಳಂಕ ಮತ್ತು ಕೆಲಸ

2024ರಲ್ಲಿ ಹಲವು ದೇಶಗಳ ತಜ್ಞರು ಮಧುಮೇಹದ ಕಳಂಕ ಕೊನೆಗಾಣಿಸುವ ಬಗ್ಗೆ ಒಮ್ಮತದ ಹೇಳಿಕೆ ಪ್ರಕಟಿಸಿದರು. ಮಧುಮೇಹ ಇರುವ ದೊಡ್ಡವರಲ್ಲಿ ಐವರಲ್ಲಿ ನಾಲ್ವರು ಕಳಂಕ ಅನುಭವಿಸುತ್ತಾರೆ, ಐವರಲ್ಲಿ ಒಬ್ಬರು ಭೇದಭಾವ ಎದುರಿಸುತ್ತಾರೆ ಎಂದು ಅದರಲ್ಲಿದೆ. ಟೈಪ್ 1 ಬಂದ ದೊಡ್ಡವರು ಕೇಳುವ ಮಾತುಗಳು ಗೊತ್ತಿರುವವೇ. ಸಿಹಿ ಜಾಸ್ತಿ ತಿಂದೆಯಾ, ಇನ್ಸುಲಿನ್‌ವರೆಗೂ ಹೋಯಿತಾ, ನಡೆದರೆ ಹೋಗುತ್ತದೆ ಬಿಡು.

ಇದಕ್ಕೆ 'ನನ್ನದು ಟೈಪ್ 1, ನನ್ನ ತಪ್ಪಲ್ಲ' ಎಂದು ಉತ್ತರಿಸುವುದು ಸಹಜ. ಆದರೆ ಆ ಮಾತು ಟೈಪ್ 2 ಇರುವವರದ್ದು ತಪ್ಪು ಎಂದು ಸೂಚಿಸಿಬಿಡುತ್ತದೆ. ಟೈಪ್ 2ರಲ್ಲೂ ವಂಶವಾಹಿ, ದುಡಿಮೆಯ ರೀತಿ, ಬಡತನ ಹೀಗೆ ಹಲವು ಕಾರಣಗಳಿವೆ. ದೂರುವ ಅಭ್ಯಾಸವೇ ಹೋಗಬೇಕು, ದೂರು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದರೆ ಯಾರಿಗೂ ಲಾಭವಿಲ್ಲ.

ಕೆಲಸದ ಜಾಗದಲ್ಲಿ ಪ್ರಶ್ನೆ ಇನ್ನೂ ಹರಿತ. ಹೇಳಿದರೆ ಬಡ್ತಿ ತಪ್ಪಬಹುದು. ಹೇಳದಿದ್ದರೆ ಲೋ ಆದ ದಿನ ಪಕ್ಕದವರಿಗೆ ಏನು ಮಾಡಬೇಕೆಂದೇ ಗೊತ್ತಿರುವುದಿಲ್ಲ. ಹೇಳದವರು ಶೌಚಾಲಯದಲ್ಲಿ ಕದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಸಭೆ ಉದ್ದವಾದರೆ ಡೋಸ್ ಮುಂದೂಡುತ್ತಾರೆ. ಗುಟ್ಟು ನೇರವಾಗಿ ಸಕ್ಕರೆಯ ಮಟ್ಟದಲ್ಲಿ ಕಾಣಿಸಿಕೊಳ್ಳುತ್ತದೆ. ಬ್ರಿಟನ್‌ನ ಸಮಾನತೆ ಕಾಯ್ದೆ, ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥವರಿಗೆ ಒಂದಷ್ಟು ರಕ್ಷಣೆ ಕೊಡುತ್ತವೆ. ಎಲ್ಲ ಕಡೆ ಇಂಥ ರಕ್ಷಣೆ ಇಲ್ಲ.

ನಿಯಮಗಳು ಬದಲಾಗಬಲ್ಲವು ಎಂಬುದಕ್ಕೆ ವಿಮಾನಯಾನ ಸಾಕ್ಷಿ. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಯಾಣಿಕರ ವಿಮಾನ ಓಡಿಸುವಂತಿಲ್ಲ ಎಂಬುದು ಬಹುಕಾಲದ ನಿಯಮವಾಗಿತ್ತು. ಬ್ರಿಟನ್ 2012ರಲ್ಲಿ ಕಟ್ಟುನಿಟ್ಟಿನ ಸಕ್ಕರೆ ಪರೀಕ್ಷೆಯ ಷರತ್ತಿನೊಂದಿಗೆ ಅನುಮತಿ ಕೊಟ್ಟಿತು. ಅಮೆರಿಕ 2019ರಲ್ಲಿ ಅದೇ ದಾರಿಗೆ ಬಂತು. ಸುರಕ್ಷತೆಯ ಕಾಳಜಿ ಸುಳ್ಳಾಗಿರಲಿಲ್ಲ. ಆದರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲರನ್ನೂ ತಡೆಯುವ ಬದಲು, ಒಬ್ಬೊಬ್ಬರ ಸ್ಥಿತಿ ನೋಡಿ ತೀರ್ಮಾನಿಸಬಹುದು ಎಂದು ಇದರಿಂದ ಗೊತ್ತಾಯಿತು.

ಯಂತ್ರಗಳು ಹೊರೆ ಇಳಿಸುತ್ತವೆಯೇ?

ಚರ್ಮಕ್ಕೆ ಅಂಟಿಸುವ ಗ್ಲೂಕೋಸ್ ಸೆನ್ಸರ್, ಅದರ ಮಾಹಿತಿ ನೋಡಿ ತಾನೇ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವ ಪಂಪ್, ಇವೆರಡೂ ಸೇರಿದ ವ್ಯವಸ್ಥೆ ಈಗ ಬಳಕೆಯಲ್ಲಿದೆ. ಅಮೆರಿಕದಲ್ಲಿ ಇಂಥ ಮೊದಲ ಸಾಧನಕ್ಕೆ 2016ರಲ್ಲಿ ಅನುಮತಿ ಸಿಕ್ಕಿತು. ಯಾವ ಚಿಕಿತ್ಸೆ ಕೊಡಬೇಕೆಂದು ಸಲಹೆ ನೀಡುವ ಬ್ರಿಟನ್‌ನ ನೈಸ್ ಸಂಸ್ಥೆ 2023ರ ಕೊನೆಯಲ್ಲಿ ಟೈಪ್ 1 ಇರುವ ಹಲವರಿಗೆ ಇದನ್ನು ಶಿಫಾರಸು ಮಾಡಿತು. ರಾತ್ರಿಯ ಲೋ ಕಡಿಮೆಯಾಗಿ ನೆಮ್ಮದಿಯ ನಿದ್ದೆ ಸಿಗುವುದು ಇದರ ದೊಡ್ಡ ಲಾಭ.

ಇನ್ನೊಂದು ಮುಖವೂ ಇದೆ. ಅಲಾರಂ ಪದೇಪದೇ ಕೂಗುತ್ತದೆ. ಪ್ರತಿ ಐದು ನಿಮಿಷಕ್ಕೊಂದು ಸಂಖ್ಯೆ ಬಂದು ತೀರ್ಪು ಕೊಟ್ಟಂತೆ ಅನಿಸುತ್ತದೆ. ತೋಳಿನ ಮೇಲಿನ ಸೆನ್ಸರ್ ಇದುವರೆಗೆ ಮುಚ್ಚಿಟ್ಟಿದ್ದನ್ನು ಎಲ್ಲರಿಗೂ ತೋರಿಸುತ್ತದೆ. ಮನೆಯವರ ಫೋನಿಗೂ ಸಂಖ್ಯೆ ಹೋಗುವಂತೆ ಮಾಡಿದರೆ ಕೆಲವರಿಗೆ ಧೈರ್ಯ, ಕೆಲವರಿಗೆ ಉಸಿರುಗಟ್ಟಿದಂತೆ. ಯಂತ್ರ ಬಹಳಷ್ಟು ಜನರಿಗೆ ಒಳ್ಳೆಯದು ಮಾಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಯಂತ್ರ ಕೊಟ್ಟ ಮೇಲೆ ಮಾತುಕತೆ ಬೇಕಿಲ್ಲ ಎಂಬ ಲೆಕ್ಕಾಚಾರ ತಪ್ಪು.

ಮೊದಲೇ ತಿಳಿಯುವುದು ವರವೇ?

ಈಗ ನಡೆಯುತ್ತಿರುವ ದೊಡ್ಡ ಚರ್ಚೆ ಇದು. ಲಕ್ಷಣ ಕಾಣುವ ವರ್ಷಗಳ ಮುಂಚೆಯೇ ರಕ್ತದಲ್ಲಿ ಆಂಟಿಬಾಡಿಗಳು ಕಾಣಿಸಿಕೊಳ್ಳುತ್ತವೆ. 2022ರ ನವೆಂಬರ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟ ಟೆಪ್ಲಿಜುಮಾಬ್ ಎಂಬ ಔಷಧಿ, ಆಂಟಿಬಾಡಿಗಳ ಜೊತೆಗೆ ಸಕ್ಕರೆಯಲ್ಲೂ ಏರುಪೇರು ಶುರುವಾದ, 8 ವರ್ಷ ತುಂಬಿದವರಲ್ಲಿ ಕಾಯಿಲೆಯನ್ನು ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಮುಂದೂಡುತ್ತದೆ. ಇಟಲಿ 2023ರಲ್ಲಿ ಮಕ್ಕಳೆಲ್ಲರಿಗೂ ಈ ತಪಾಸಣೆ ಮಾಡುವ ಕಾನೂನು ತಂದಿತು. ಅದು 17 ವರ್ಷದವರೆಗಿನವರಿಗೆ. ಬ್ರಿಟನ್‌ನಲ್ಲಿ 18ರಿಂದ 70 ವರ್ಷದವರಿಗಾಗಿ ಒಂದು ಅಧ್ಯಯನ ಶುರುವಾಗಿದೆ.

ಪರವಾಗಿರುವವರ ಮಾತು: ಮೊದಲೇ ಗೊತ್ತಿದ್ದರೆ ತಪ್ಪು ಪತ್ತೆ ತಪ್ಪುತ್ತದೆ, ಸ್ಥಿತಿ ಕೈಮೀರಿ ಆಸ್ಪತ್ರೆ ಸೇರುವುದು ತಪ್ಪುತ್ತದೆ, ಮನಸ್ಸನ್ನು ಸಿದ್ಧ ಮಾಡಿಕೊಳ್ಳಲು ಕಾಲ ಸಿಗುತ್ತದೆ. ಎಚ್ಚರಿಸುವವರ ಮಾತು: ದೊಡ್ಡವರಲ್ಲಿ ಕಾಯಿಲೆ ಮುಂದುವರಿಯುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು ಥರ. ಇಂದು ಆರೋಗ್ಯವಾಗಿರುವ ವ್ಯಕ್ತಿ ಹತ್ತು ವರ್ಷ ಭಯದಲ್ಲೇ ಕಾಯಬೇಕಾಗಬಹುದು, ಅಷ್ಟರಲ್ಲಿ ವಿಮೆ ಮತ್ತು ಕೆಲಸದ ಮೇಲೂ ಪರಿಣಾಮ ಬೀಳಬಹುದು. ನನಗನ್ನಿಸುವುದು, ಮೊದಲ ಹೆಜ್ಜೆ ಹತ್ತಿರದ ಸಂಬಂಧಿಕರಿಗೆ ಟೈಪ್ 1 ಬಂದಿರುವ ದೊಡ್ಡವರಿಂದ, ಅವರಿಗೆ ಬೇಕೆನಿಸಿದರೆ ಮಾತ್ರ ಆರಂಭವಾಗಬೇಕು. ಆದರೆ ಟೈಪ್ 1 ಬರುವವರಲ್ಲಿ ಹೆಚ್ಚಿನವರ ಮನೆತನದಲ್ಲಿ ಆ ಕಾಯಿಲೆ ಇರುವುದೇ ಇಲ್ಲ. ಹೀಗಾಗಿ ಇದೊಂದರಿಂದಲೇ ಸಮಸ್ಯೆ ಬಗೆಹರಿಯದು.

ಮುಂದೆ ಏನಾಗಬಹುದು

ಅದೇ ಲ್ಯಾನ್ಸೆಟ್ ಅಂದಾಜಿನಂತೆ 2040ರ ಹೊತ್ತಿಗೆ ಟೈಪ್ 1 ಇರುವವರ ಸಂಖ್ಯೆ 1.35 ಕೋಟಿಯಿಂದ 1.74 ಕೋಟಿ ಆಗಬಹುದು. ಹೆಚ್ಚಿನವರು ದೊಡ್ಡವರೇ ಆಗಿರುತ್ತಾರೆ. ಕಾಂಡಕೋಶ ಚಿಕಿತ್ಸೆ ಯಶಸ್ವಿಯಾದರೂ ಶುರುವಿನಲ್ಲಿ ಅದು ಸಿಗುವುದು ತೀವ್ರ ಲೋ ಆಗುವ ಕೆಲವರಿಗೆ. ಉಳಿದವರು ಇನ್ನೂ ಬಹಳ ವರ್ಷ ಇನ್ಸುಲಿನ್‌ನ ಜೊತೆಗೇ ಬದುಕಬೇಕು.

ಆದ್ದರಿಂದ ಹತ್ತಿರದ ಬದಲಾವಣೆ ಕ್ಲಿನಿಕ್‌ನಲ್ಲೇ ಆಗಬೇಕಿದೆ. ಅನುಮಾನ ಬಂದ ದೊಡ್ಡವರಿಗೆ ಆಂಟಿಬಾಡಿ ಪರೀಕ್ಷೆ, ಪತ್ತೆಯಾದ ಮೊದಲ ವರ್ಷದಲ್ಲಿ ತರಬೇತಿ, ಸಂಗಾತಿಗೂ ಕಲಿಕೆ, ವರ್ಷಕ್ಕೊಮ್ಮೆ ಕಣ್ಣು ಮತ್ತು ಕಿಡ್ನಿ ನೋಡುವಾಗ ಡಿಸ್ಟ್ರೆಸ್ ಪ್ರಶ್ನೆಗಳನ್ನೂ ಕೇಳುವುದು. ಇದಕ್ಕೆ ಹೊಸ ಔಷಧಿ ಬೇಕಿಲ್ಲ, ವೈದ್ಯರ ಮತ್ತು ನರ್ಸ್‌ಗಳ ಸಮಯ ಬೇಕು. ಆ ಸಮಯಕ್ಕೆ ಹಣ ಕೊಡುವವರು ಯಾರು ಎಂಬುದು ಸರ್ಕಾರಗಳು ಮತ್ತು ವಿಮಾ ಕಂಪನಿಗಳು ಇನ್ನೂ ತೀರ್ಮಾನಿಸಬೇಕಾದ ವಿಷಯ. ಅದು ತೀರ್ಮಾನವಾಗುವವರೆಗೆ ಮಾಪಕಗಳು ಸಂಶೋಧನಾ ಪತ್ರಿಕೆಗಳಲ್ಲೇ ಉಳಿಯುತ್ತವೆ, ಹೊಸದಾಗಿ ಟೈಪ್ 1 ಬಂದ ದೊಡ್ಡವರಿಗೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಎಷ್ಟು ಎಂಬ ಪ್ರಶ್ನೆಯೊಂದೇ ಎದುರಾಗುತ್ತದೆ.